ಅಪ್ಪಣೆಯೂ ಮರುನುಡಿಯೂ

ಅಪ್ಪಣೆಯನ್ನು ಮೀರಿ ನಡೆಯುವವನು ಒಬ್ಬನು. ಅಪ್ಪಣೆಯಾಯಿತೆಂದು ನಂಬಿ, ಆಗದ ಅಪ್ಪಣೆಯಂತೆ ನಡೆಯುವವನು ಇನ್ನೊಬ್ಬನು. ಹೊರಗಿನಿಂದ ನೋಡುವವರಿಗೆ ಇಬ್ಬರ ನಡತೆಯೂ ಒಂದೇ. ಫಲವೂ ಅನೇಕ ವೇಳೆ ಒಂದೇ. ಒಳಗಿನ ಸ್ಥಿತಿಯನ್ನು ವಿಚಾರಿಸಿದರೆ ಮಾತ್ರ ಇವರಿಬ್ಬರಿಗೂ ಅಜಗಜಾಂತರವುಂಟು. ಮೊದಲನೆಯವನು ಉದ್ಧಟನು, ಅವನನ್ನು ಏನೆಂದು ಕರೆಯಬೇಕೆಂಬುದರಲ್ಲಿ ನೀತಿವಿದರಿಗೆ ಸಂದೇಹವಿಲ್ಲ. ಎರಡನೆಯವನಾದರೋ ಪ್ರಾಮಾಣಿಕನು, ನಿಯಮದಲ್ಲಿ ಶ್ರದ್ಧೆಯುಳ್ಳವನು, 'ನನಗೆ ಹೇಳಿದಂತೆಯೇ ಮಾಡಿದೆ' ಎಂದು ದೇವರೆದುರಿಗೂ ಹೇಳಬಲ್ಲವನು. ಅವನಿಂದ ಅನರ್ಥವೊದಗಿದಾಗ ಅವನನ್ನು ದೋಷಿಯೆನ್ನಬೇಕೆ, ದುರ್ದೈವಿಯೆನ್ನಬೇಕೆ? ಕಿವಿಯ ತಪ್ಪಿಗೆ ಮನಸ್ಸು ಹೊಣೆಯಾಗಬಲ್ಲುದೆ? ಸಂಸಾರದಲ್ಲಿ ಉದ್ಧಟರಿಂದಾಗುವ ಕೇಡಿಗಿಂತ ಇಂಥ ಸಜ್ಜನರ ತಪ್ಪು ತಿಳಿವಳಿಕೆಯಿಂದಾಗುವ ಕೇಡು ಕಡಿಮೆಯೆಂದು ಹೇಳುವಂತಿಲ್ಲ. ಆದುದರಿಂದ ಈ ಪ್ರಶ್ನೆಯನ್ನು ಸ್ವಲ್ಪ ನಿಧಾನವಾಗಿ ಪರಿಶೀಲಿಸುವುದು ಉಚಿತವಾಗಿದೆ.

ಪ್ರಶ್ನೆ ಹಳೆಯದು, ವಿಮಾನಯಾನವು ಅದಕ್ಕೆ ಹೊಸದೊಂದು ತೀಕ್ಷ್ಣತೆಯನ್ನು ತಂದಿದೆ. ಸಾಗರ, ಹೊಸನಗರ, ತೀರ್ಥಹಳ್ಳಿಗಳ ಮನೆಗಳಿಗೆ ವಿಮಾನವೆಂಬುದು ಬಹುಕಾಲ ಮೋಡದ ಮೇಲಿನ ದೂರದ ಸದ್ದು ಮಾತ್ರವಾಗಿತ್ತು. 2023ನೆಯ ಇಸವಿ ಫೆಬ್ರವರಿ 27ರಂದು ಶಿವಮೊಗ್ಗದ ಸೋಗಾನೆಯಲ್ಲಿ ವಿಮಾನನಿಲ್ದಾಣದ ಉದ್ಘಾಟನೆಯಾಯಿತು. ಅದೇ ವರ್ಷ ಆಗಸ್ಟ್ 31ರಂದು ಬೆಂಗಳೂರಿನಿಂದ ಮೊದಲನೆಯ ಪ್ರಯಾಣಿಕ ವಿಮಾನವು ಬಂದಿಳಿಯಿತು. 3,200 ಮೀಟರು ಉದ್ದದ ರನ್‌ವೇಯುಳ್ಳ ಆ ನಿಲ್ದಾಣಕ್ಕೆ ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯ ಮನೆತನದ ಕವಿ ಕುವೆಂಪು ಅವರ ಹೆಸರು. ಮಕ್ಕಳನ್ನು ಬೀಳ್ಕೊಡುವುದಕ್ಕೆ ಬಸ್ಸಿನ ನಿಲ್ದಾಣಕ್ಕೋ ರೈಲಿನ ನಿಲ್ದಾಣಕ್ಕೋ ಹೋಗುತ್ತಿದ್ದ ಮಲೆನಾಡಿನ ತಂದೆತಾಯಿಗಳು ಈಗ ಸೋಗಾನೆಗೂ ಹೋಗುತ್ತಾರೆ. ವಿಮಾನವು ನಿಂತಲ್ಲಿಂದ ಕದಲಿ, ತಿರುಗಿ, ಒಂದು ಕ್ಷಣ ತಡೆದು, ಆಮೇಲೆ ಓಡಿ ಏರುವುದನ್ನು ಅವರು ನೋಡುತ್ತಾರೆ. ಆ ಒಂದು ಕ್ಷಣದ ತಡೆಯಲ್ಲಿ ಏನು ನಡೆಯಿತೆಂಬುದು ಬೀಳ್ಕೊಟ್ಟವರಿಗೂ ತಿಳಿಯದು, ಒಳಗೆ ಕುಳಿತ ಪ್ರಯಾಣಿಕರಿಗೂ ತಿಳಿಯದು. ಅಲ್ಲಿ ನಡೆದುದು ಒಂದು ಮಾತು ಮತ್ತು ಅದರ ಮರುನುಡಿ.

ವಿಮಾನವು ಹೊರಡುವುದಕ್ಕೆ ಎರಡು ಬಗೆಯ ಅಪ್ಪಣೆಗಳು ಬೇಕು. ಮೊದಲನೆಯದು ದಾರಿಯ ಅಪ್ಪಣೆ: ಎಲ್ಲಿಯವರೆಗೆ ಹೋಗಬೇಕು, ಯಾವ ಮಾರ್ಗವಾಗಿ ಹೋಗಬೇಕು, ನೆಲವನ್ನು ಬಿಟ್ಟಮೇಲೆ ಮೊದಲು ಎಷ್ಟು ಎತ್ತರಕ್ಕೆ ಏರಿ ನಿಲ್ಲಬೇಕು, ರೇಡಾರಿನ ಪರದೆಯ ಮೇಲೆ ತನ್ನನ್ನು ಗುರುತಿಸುವುದಕ್ಕೆ ಯಾವ ನಾಲ್ಕು ಅಂಕೆಗಳನ್ನು ಧರಿಸಬೇಕು ಎಂಬಿವೆಲ್ಲ ಅದರಲ್ಲಿ ಅಡಗಿರುತ್ತವೆ. ಎರಡನೆಯದು ಏರುವ ಅಪ್ಪಣೆ: 'ರನ್‌ವೇ ತೆರವಾಗಿದೆ, ಈಗ ಹೊರಡಬಹುದು' ಎಂಬುದು. ಮೊದಲನೆಯದು ದೊರೆತ ಮಾತ್ರಕ್ಕೆ ಎರಡನೆಯದು ದೊರೆತಂತಲ್ಲ. ಹೇಗೆ ಹೋಗಬೇಕೆಂದು ತಿಳಿದವನಿಗೆ ಹೋಗುವ ಅಧಿಕಾರವು ಬಂದಿತೆಂದು ಅರ್ಥವಲ್ಲವಷ್ಟೆ. ನಿಯಂತ್ರಣಾಧಿಕಾರಿಯು ಗೋಪುರದಿಂದ ಇವನ್ನು ರೇಡಿಯೋ ಮೂಲಕ ಹೇಳುತ್ತಾನೆ; ಚಾಲಕನು ಕೇಳಿದುದನ್ನು ಕೇಳಿದಂತೆಯೇ ಹಿಂದಕ್ಕೆ ಹೇಳುತ್ತಾನೆ; ಅಧಿಕಾರಿಯು ಆ ಮರುನುಡಿಯನ್ನು ಕಿವಿಗೊಟ್ಟು ಕೇಳಿ, ತಪ್ಪಿದ್ದರೆ ತಿದ್ದಬೇಕು. ನಿಯಂತ್ರಣ ಗೋಪುರವುಳ್ಳ ವಿಮಾನನಿಲ್ದಾಣಗಳಿಗೆ ಈ ವಿಧಿಯುಂಟು. ದೊಡ್ಡ ನಿಲ್ದಾಣಗಳಲ್ಲಿ ದಾರಿಯ ಅಪ್ಪಣೆಯನ್ನು ಅಕ್ಷರರೂಪದಲ್ಲಿ ಕಳುಹುವ ಏರ್ಪಾಡು ಈಗ ಬಂದಿದೆಯಾದರೂ, ಏರುವ ಅಪ್ಪಣೆಯು ಇಂದಿಗೂ ಮಾತಿನಲ್ಲಿಯೇ ನಡೆಯುತ್ತದೆ.

ಶಿವಮೊಗ್ಗದಿಂದ ಸಾಗರದ ಮೇಲೆ ತಾಳಗುಪ್ಪಕ್ಕೆ ಹೋಗುವ ಒಂಟಿ ಹಳಿಯ ರೈಲುದಾರಿಯನ್ನು ಬಲ್ಲವರಿಗೆ ಇದರ ವಿಶೇಷವು ಬೇಗನೆ ಹೊಳೆದೀತು. ಒಂದೇ ಹಳಿಯ ಮೇಲೆ ಎದುರುಬದುರಾಗಿ ಎರಡು ಗಾಡಿಗಳು ಬಾರದಿರಲೆಂದು ಭಾರತದ ಒಂಟಿ ಹಳಿಗಳಲ್ಲಿ ಬಹುಕಾಲ ಒಂದು ಕ್ರಮವು ನಡೆದುಬಂದಿತು. ಸ್ಟೇಷನ್ ಮಾಸ್ತರನು ಒಂದು ಯಂತ್ರದಿಂದ ಲೋಹದ ಗುಂಡನ್ನು ತೆಗೆದು, ಚೀಲದಲ್ಲಿಟ್ಟು, ದೊಡ್ಡ ಬಳೆಯಂಥ ಹಿಡಿಯೊಡನೆ ಎಂಜಿನ್ ಚಾಲಕನ ಕೈಗೆ ಕೊಡುವನು. ಎರಡು ಸ್ಟೇಷನ್ನುಗಳ ಯಂತ್ರಗಳು ತಂತಿಯಿಂದ ಬಂಧಿತವಾಗಿ, ಒಂದು ಗುಂಡು ಹೊರಗಿರುವವರೆಗೆ ಇನ್ನೊಂದು ಹೊರಬಾರದು. ಗುಂಡು ಕೈಯಲ್ಲಿದ್ದರೆ ಅಪ್ಪಣೆಯುಂಟು, ಇಲ್ಲದಿದ್ದರೆ ಇಲ್ಲ. ಅಲ್ಲಿ ಸಂದೇಹಕ್ಕೂ ಆಸೆಗೂ ಅವಕಾಶವಿಲ್ಲ. ವಿಮಾನದ ಚಾಲಕನಿಗೆ ಅಂಥ ಗುಂಡು ಇಲ್ಲ. ಅವನ ಅಪ್ಪಣೆಯು ಬಾಯಿಂದ ಹೊರಟು ಕಿವಿಯಲ್ಲಿ ಮುಗಿಯುವ ಮಾತು. ಆ ಮಾತು ಸಾಗುವ ರೇಡಿಯೋ ದಾರಿಯೂ ಒಂದೇ. ಇಬ್ಬರು ಏಕಕಾಲದಲ್ಲಿ ನುಡಿದರೆ ಒಂದು ಸಿಳ್ಳಿನ ಸದ್ದೆದ್ದು ಇಬ್ಬರ ಮಾತೂ ಕೆಡುತ್ತದೆ. ಆದುದರಿಂದ ರೈಲಿನಲ್ಲಿ ಲೋಹವು ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಮನುಷ್ಯನ ಮನಸ್ಸಿನ ಶಿಸ್ತು ಮಾಡಬೇಕಾಗಿದೆ.

ಆ ಶಿಸ್ತು ಕೆಡುವ ಬಗೆಗಳನ್ನು ವಿಮಾನಯಾನದವರು ಚೆನ್ನಾಗಿ ಗುರುತಿಸಿದ್ದಾರೆ. ನೂರು ದಿನ ಒಂದೇ ಮಾರ್ಗದ ಅಪ್ಪಣೆಯನ್ನು ಕೇಳಿದ ಚಾಲಕನು ನೂರೊಂದನೆಯ ದಿನ ಬೇರೆ ಮಾರ್ಗವನ್ನು ಹೇಳಿದರೂ ಹಳೆಯದನ್ನೇ ಕೇಳುತ್ತಾನೆ. ದಿಕ್ಕಿಗಾಗಿ ಹೇಳಿದ ಅಂಕೆಯನ್ನು ಎತ್ತರಕ್ಕೆಂದು ಹಿಡಿಯುತ್ತಾನೆ. ಹತ್ತು ಸಾವಿರವೆಂದುದನ್ನು ಹನ್ನೊಂದು ಸಾವಿರವೆಂದು ತಿಳಿಯುತ್ತಾನೆ. ತನ್ನ ವಿಮಾನದ ಹೆಸರನ್ನೇ ಹೋಲುವ ಇನ್ನೊಂದು ವಿಮಾನಕ್ಕೆ ಕೊಟ್ಟ ಅಪ್ಪಣೆಗೆ ತಾನು ಓಗೊಡುತ್ತಾನೆ. ಇವುಗಳಲ್ಲಿ ಯಾವುದೂ ಮೂರ್ಖನ ಲಕ್ಷಣವಲ್ಲ. ಮನಸ್ಸು ಬರಿಯ ಪಾತ್ರೆಯಲ್ಲ. ಮಾತು ಬರುವುದಕ್ಕೆ ಮುಂಚೆಯೇ ಅದು ಮಾತನ್ನು ನಿರೀಕ್ಷಿಸಿ ಕುಳಿತಿರುತ್ತದೆ. ನಿರೀಕ್ಷಿಸಿದುದಕ್ಕೆ ಸಮೀಪವಾದುದು ಬಂದರೆ, ನಿರೀಕ್ಷಿಸಿದುದೇ ಬಂದಿತೆಂದು ಬಾಗಿಲನ್ನು ಹಾಕಿಕೊಳ್ಳುತ್ತದೆ. ಪಳಗಿದವನ ನಿರೀಕ್ಷೆಯು ಹೆಚ್ಚು ದೃಢವಾಗಿರುವುದರಿಂದ ಈ ಅಪಾಯವು ಹೊಸಬನಿಗಿಂತ ಪಳಗಿದವನಿಗೇ ಕೆಲವೊಮ್ಮೆ ಹೆಚ್ಚು.

ಇದಕ್ಕೆ ಅತ್ಯಂತ ದಾರುಣವಾದ ನಿದರ್ಶನವು 1977ನೆಯ ಇಸವಿ ಮಾರ್ಚ್ 27ರಂದು ಸ್ಪೇನ್ ದೇಶಕ್ಕೆ ಸೇರಿದ ಟೆನೆರೀಫ್ ದ್ವೀಪದಲ್ಲಿ ನಡೆಯಿತು. ನೆರೆಯ ದ್ವೀಪದ ನಿಲ್ದಾಣದಲ್ಲಿ ಬಾಂಬು ಸಿಡಿದುದರಿಂದ ಅನೇಕ ವಿಮಾನಗಳನ್ನು ಟೆನೆರೀಫಿಗೆ ತಿರುಗಿಸಿದ್ದರು. ನಿಲ್ಲುವ ಸ್ಥಳವೆಲ್ಲ ತುಂಬಿ, ವಿಮಾನಗಳು ರನ್‌ವೇಯ ಮೇಲೆಯೇ ಹಿಂದಕ್ಕೆ ನಡೆದು ಹೋಗಬೇಕಾಗಿತ್ತು. ಬೆಟ್ಟದ ಮಂಜು ಇಳಿದು ಕಣ್ಣು ಹಾಯದಂತಾಯಿತು. ಡಚ್ಚರ ಒಂದು ಹಿರಿಯ ವಿಮಾನವು ರನ್‌ವೇಯ ತುದಿಗೆ ಹೋಗಿ ತಿರುಗಿ ನಿಂತಿತು; ಅಮೆರಿಕದ ಇನ್ನೊಂದು ಹಿರಿಯ ವಿಮಾನವು ಅದೇ ರನ್‌ವೇಯ ಮೇಲೆ ಇನ್ನೂ ನಡೆದು ಬರುತ್ತಿತ್ತು. ಡಚ್ ವಿಮಾನದ ಮುಖ್ಯ ಚಾಲಕನು ತನ್ನ ಸಂಸ್ಥೆಯಲ್ಲಿ ಇತರ ಚಾಲಕರಿಗೆ ಶಿಕ್ಷಣ ಕೊಡುತ್ತಿದ್ದ ಹಿರಿಯನು. ಕೆಲಸದ ಅವಧಿಯ ಮಿತಿಯನ್ನು ಮೀರಬಾರದೆಂಬ ಕಟ್ಟುನಿಟ್ಟಾದ ಕಾನೂನು ಅವನ ತಲೆಯ ಮೇಲಿತ್ತು. ಇನ್ನಷ್ಟು ತಡವಾದರೆ ಪ್ರಯಾಣಿಕರೆಲ್ಲ ಅಲ್ಲಿಯೇ ರಾತ್ರಿಯನ್ನು ಕಳೆಯಬೇಕಾಗಿತ್ತು. ಅವನು ಹೊರಡಲು ಯಂತ್ರಗಳ ವೇಗವನ್ನು ಏರಿಸತೊಡಗಿದಾಗ ಸಹಚಾಲಕನು ಇನ್ನೂ ಅಪ್ಪಣೆಯಾಗಿಲ್ಲವೆಂದು ನೆನಪುಕೊಟ್ಟನು. ತನಗೂ ಅದು ಗೊತ್ತೆಂದು ಹೇಳಿ, ಕೇಳುವಂತೆ ಅವನು ಸೂಚಿಸಿದನು. ಕೇಳಿದಾಗ ಗೋಪುರದಿಂದ ಬಂದುದು ದಾರಿಯ ಅಪ್ಪಣೆ ಮಾತ್ರ. ಏರಿದ ಮೇಲೆ ಬಲಕ್ಕೆ ತಿರುಗಬೇಕೆಂಬ ಮಾತು ಅದರಲ್ಲಿತ್ತು. 'ಏರುವುದು' ಎಂಬ ಶಬ್ದವೂ ಅದರೊಳಗೆ ಸೇರಿತ್ತು. ಸಹಚಾಲಕನು ಮರುನುಡಿಯುತ್ತಿರುವಾಗಲೇ ವಿಮಾನವು ಓಡತೊಡಗಿತು.

ಮರುನುಡಿಯ ಕೊನೆಯಲ್ಲಿ ಸಹಚಾಲಕನು ತಾವು ಏರುತ್ತಿರುವೆವೆಂದೋ ಏರುವ ಸ್ಥಾನದಲ್ಲಿರುವೆವೆಂದೋ ಎರಡಕ್ಕೂ ಹೊಂದುವಂಥ ಮಾತೊಂದನ್ನು ಸೇರಿಸಿದನು. ಗೋಪುರದ ಅಧಿಕಾರಿಯು ಅದನ್ನು ಎರಡನೆಯ ಅರ್ಥದಲ್ಲಿ ಹಿಡಿದು 'ಓಕೆ' ಎಂದು ಆರಂಭಿಸಿ, ಕಾದಿರಿ, ಏರುವುದಕ್ಕೆ ಮತ್ತೆ ಕರೆಯುತ್ತೇನೆಂದು ಮುಂದುವರಿಸಿದನು. ಅದೇ ಕ್ಷಣದಲ್ಲಿ ಅಮೆರಿಕದ ವಿಮಾನದವರು ತಾವಿನ್ನೂ ರನ್‌ವೇಯ ಮೇಲಿರುವೆವೆಂದು ಕೂಗಿದರು. ಎರಡು ಮಾತುಗಳೂ ಒಂದರ ಮೇಲೊಂದು ಬಿದ್ದು, ಡಚ್ ವಿಮಾನದೊಳಗೆ ಸ್ಪಷ್ಟವಾಗಿ ಕೇಳಿಸಿದುದು 'ಓಕೆ' ಎಂಬ ಮೊದಲ ಪದ. ಉಳಿದುದು ಸಿಳ್ಳಿನಲ್ಲಿ ಮುಳುಗಿತು. ಆಮೇಲೆ ವಿಮಾನದ ಯಂತ್ರಾಧಿಕಾರಿಯು, ಆ ಅಮೆರಿಕದ ವಿಮಾನವು ರನ್‌ವೇಯನ್ನು ಬಿಟ್ಟಿಲ್ಲವೆ ಎಂದು ಅನುಮಾನದಿಂದ ಕೇಳಿದನು. ಬಿಟ್ಟಿದೆಯೆಂದು ಮುಖ್ಯ ಚಾಲಕನು ಒತ್ತಿ ಹೇಳಿದನು. ಯಂತ್ರಾಧಿಕಾರಿಯು ಸುಮ್ಮನಾದನು. ಕೆಲವು ಕ್ಷಣಗಳ ಮೇಲೆ 583 ಮಂದಿ ಸತ್ತರು. ಡಚ್ ವಿಮಾನದ 248 ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ; ಅಮೆರಿಕದ ವಿಮಾನದ 396 ಮಂದಿಯಲ್ಲಿ 61 ಮಂದಿ ಉಳಿದರು.

ಈ ವೃತ್ತಾಂತವನ್ನು ಓದುವ ಮಲೆನಾಡಿನವರಿಗೆ ತಾಳಮದ್ದಳೆಯ ದ್ರೋಣಪರ್ವದ ಪ್ರಸಂಗವು ನೆನಪಾಗದಿರದು. ಅಶ್ವತ್ಥಾಮನು ಹತನಾದನೆಂದು ಧರ್ಮರಾಯನು ಗಟ್ಟಿಯಾಗಿ ಹೇಳಿ, ಆನೆಯೆಂಬುದನ್ನು ಸೇರಿಸುವಷ್ಟರಲ್ಲಿ ಶ್ರೀಕೃಷ್ಣನ ಶಂಖಧ್ವನಿಯು ಅದನ್ನು ನುಂಗಿತೆಂದು ಪ್ರಚಲಿತವಾದ ಕಥೆ. ಅರ್ಧವಾಕ್ಯದಿಂದ ಒಬ್ಬ ಮಹಾರಥನು ಶಸ್ತ್ರವನ್ನು ಕೆಳಗಿಟ್ಟನು. ಟೆನೆರೀಫಿನಲ್ಲಿ ಶಂಖವನ್ನೂದಿದವರು ಯಾರೂ ಇರಲಿಲ್ಲ, ವಂಚಿಸುವ ಉದ್ದೇಶವು ಯಾರಿಗೂ ಇರಲಿಲ್ಲ. ಆದರೂ ಅರ್ಧವಾಕ್ಯವು ತನ್ನ ಕೆಲಸವನ್ನು ಮಾಡಿತು. ಇಲ್ಲೊಂದು ವ್ಯತ್ಯಾಸವನ್ನು ಗಮನಿಸಬೇಕು. ದ್ರೋಣನು ಕೇಳಿದುದು ತಾನು ಅತ್ಯಂತವಾಗಿ ಹೆದರಿದ್ದ ಮಾತನ್ನು. ಚಾಲಕನು ಕೇಳಿದುದು ತಾನು ಅತ್ಯಂತವಾಗಿ ಬಯಸಿದ್ದ ಮಾತನ್ನು. ಭಯವೂ ಬಯಕೆಯೂ ಒಂದೇ ಬಗೆಯಾಗಿ ಕಿವಿಯನ್ನು ಆಳಬಲ್ಲುವು. ದ್ರೋಣನಾದರೂ ಸುದ್ದಿಯನ್ನು ಒಮ್ಮೆಗೇ ನಂಬದೆ, ಸುಳ್ಳಾಡದವನೆಂದು ಹೆಸರಾದವನನ್ನೇ ಕೇಳಿದನು. ಬಯಸಿದ ಸುದ್ದಿಯು ಬಂದಾಗ ಹಾಗೆ ಇನ್ನೊಬ್ಬನನ್ನು ಕೇಳಿ ನೋಡುವ ತಾಳ್ಮೆಯು ಮನುಷ್ಯನಿಗೆ ಅಪರೂಪ.

ಹಾಗಾದರೆ ದೋಷವು ಯಾರದು? ಅಪ್ಪಣೆಯಿಲ್ಲದೆ ಹೊರಟುದೇ ಮುಖ್ಯ ಕಾರಣವೆಂದು ಸ್ಪೇನಿನ ವಿಚಾರಣೆಯು ನಿರ್ಣಯಿಸಿತು; ಇಬ್ಬರೂ ಒಬ್ಬರನ್ನೊಬ್ಬರು ತಪ್ಪು ತಿಳಿದುದೇ ಕಾರಣವೆಂದು ಡಚ್ಚರು ವಾದಿಸಿದರು. ಎರಡರಲ್ಲಿಯೂ ಸತ್ಯವುಂಟು. ನಿಜವಾಗಿ ನಂಬಿದವನನ್ನು ಸುಳ್ಳುಗಾರನೊಡನೆ ಒಂದೇ ಸಾಲಿನಲ್ಲಿ ನಿಲ್ಲಿಸುವುದು ಅನ್ಯಾಯ. ಆ ಕ್ಷಣದಲ್ಲಿ ಅವನಿಗೆ ಹಾಗೆ ಕೇಳಿಸಿತು. ಕೇಳಿಸುವುದು ಇಚ್ಛೆಯ ಕಾರ್ಯವಲ್ಲ. ಇಚ್ಛೆಯಿಲ್ಲದಲ್ಲಿ ಪಾಪವಿಲ್ಲವೆಂದು ಒಬ್ಬರು ವಾದಿಸಬಹುದು. ವಾದವು ಒಂದು ಹಂತದವರೆಗೆ ಸರಿಯಾದುದು. ಆದರೆ ಮನುಷ್ಯನ ಜೀವನವು ಬಿಡಿ ಬಿಡಿಯಾದ ಕ್ಷಣಗಳಿಂದಾದುದಲ್ಲ. ಆ ಕ್ಷಣದ ಕಿವಿಯನ್ನು ಸಿದ್ಧಪಡಿಸಿದುದು ಅದಕ್ಕೆ ಮುಂಚಿನ ಸಾವಿರ ದಿನಗಳ ಅಭ್ಯಾಸ. ಸಂದೇಹವಿದ್ದಾಗ ಮತ್ತೊಮ್ಮೆ ಕೇಳುವ ರೂಢಿಯನ್ನು ಬೆಳೆಸಿಕೊಂಡಿದ್ದನೇ? ತನ್ನ ಅವಸರವನ್ನು ತಾನೇ ಶತ್ರುವೆಂದು ಶಂಕಿಸುವುದನ್ನು ಕಲಿತಿದ್ದನೇ? ಕಿರಿಯರು ಸಂದೇಹವನ್ನು ಹೇಳಿದಾಗ ಅದನ್ನು ಬೆಲೆಯುಳ್ಳದ್ದೆಂದು ಎಣಿಸುತ್ತಿದ್ದನೇ? ಇವು ಇಚ್ಛೆಯ ಆಳ್ವಿಕೆಗೆ ಒಳಪಟ್ಟ ವಿಷಯಗಳು. ತಪ್ಪಾಗಿ ಕೇಳಿದುದಕ್ಕೆ ಅವನು ಹೊಣೆಯಲ್ಲ. ತಪ್ಪಾಗಿ ಕೇಳಿದುದನ್ನು ತಿದ್ದುವ ಎಲ್ಲ ಬಾಗಿಲುಗಳನ್ನೂ ತೆರೆದಿಟ್ಟಿದ್ದನೆ ಎಂಬುದಕ್ಕೆ ಹೊಣೆ. ನಂಬಿಕೆಯ ಪ್ರಾಮಾಣಿಕತೆಯು ನಂಬಿದವನ ಶೀಲಕ್ಕೆ ಸಾಕ್ಷಿಯಾಗಬಹುದಲ್ಲದೆ ನಂಬಿದ ವಿಷಯದ ಸತ್ಯಕ್ಕೆ ಸಾಕ್ಷಿಯಾಗಲಾರದು.

ಅಂದಿನ ಮೂವರಲ್ಲಿ ಸತ್ಯಕ್ಕೆ ಅತ್ಯಂತ ಸಮೀಪದಲ್ಲಿದ್ದವನು ಆ ಯಂತ್ರಾಧಿಕಾರಿ. ಅವನ ಪ್ರಶ್ನೆಯೊಂದೇ ನೂರಾರು ಜೀವಗಳನ್ನು ಉಳಿಸಬಹುದಾಗಿತ್ತು. ಅವನೇಕೆ ಎರಡನೆಯ ಸಲ ಕೇಳಲಿಲ್ಲ? ಹಿರಿಯನು ಖಂಡಿತವಾಗಿ ನುಡಿದಮೇಲೆ ಮತ್ತೆ ಸಂದೇಹಿಸುವುದು ಅವಿನಯವೆಂಬ ಭಾವನೆಯು ಡಚ್ಚರ ವಿಮಾನಕ್ಕೆ ಮಾತ್ರ ಮೀಸಲಾದುದಲ್ಲ. ಮಲೆನಾಡಿನ ಕೂಡುಮನೆಗಳ ಜಗಲಿಗಳಲ್ಲಿಯೂ ಅದು ಚಿರಪರಿಚಿತವಾದುದೇ. ಮನೆಯ ಯಜಮಾನನು ಹೇಳಿದ ತಿಥಿಯೋ, ಲೆಕ್ಕವೋ, ಮಂಡಿಯ ಧಾರಣೆಯೋ ತಪ್ಪೆಂದು ಕಿರಿಯನಿಗೆ ತಿಳಿದಿರುತ್ತದೆ. ಆದರೆ ನಾಲ್ಕು ಜನರೆದುರಿಗೆ ಹೇಳುವುದು ಹೇಗೆಂದು ಸುಮ್ಮನಿರುತ್ತಾನೆ. ಆ ಮೌನವನ್ನು ಲೋಕವು ಮರ್ಯಾದೆಯೆಂದು ಕರೆಯುತ್ತದೆ. ಮರ್ಯಾದೆಯು ದೊಡ್ಡ ಗುಣವೇ ಸರಿ. ಆದರೆ ಹಿರಿಯನನ್ನು ತಪ್ಪಿನಲ್ಲಿ ಒಂಟಿಯಾಗಿ ಬಿಟ್ಟು ದೂರ ನಿಲ್ಲುವುದು ಅವನಿಗೆ ಸಲ್ಲಿಸುವ ಗೌರವವಾಗುವುದೆ? 1979ರಿಂದ ಈಚೆಗೆ ವಿಮಾನಯಾನ ಲೋಕದಲ್ಲಿ ಇದೇ ವಿಷಯವಾಗಿ ಹೊಸದೊಂದು ಶಿಕ್ಷಣವು ಬೆಳೆದುಬಂದಿತು. ಕಿರಿಯರು ಸಂದೇಹವನ್ನು ಸ್ಪಷ್ಟವಾಗಿ ಹೇಳುವುದನ್ನೂ, ಹಿರಿಯರು ಅದನ್ನು ಕೇಳಿಕೊಳ್ಳುವುದನ್ನೂ ಅಲ್ಲಿ ವಿಮಾನವನ್ನು ನಡೆಸುವ ವಿದ್ಯೆಯ ಅಂಗವೆಂದೇ ಕಲಿಸುತ್ತಾರೆ. ಹೇಳುವ ಧೈರ್ಯವನ್ನು ಕಿರಿಯರಿಂದ ಬೇಡುವುದು ಸುಲಭ. ತನ್ನೆದುರಿಗೆ ಹೇಳಲು ಧೈರ್ಯವೇ ಬೇಕಾಗದಂತೆ ನಡೆದುಕೊಳ್ಳುವುದು ಹಿರಿಯನ ಧರ್ಮ.

ಇದು ಪಶ್ಚಿಮದಿಂದ ಬಂದ ಹೊಸ ಉಪದೇಶವೆಂದು ತಿಳಿಯಬೇಕಾಗಿಲ್ಲ. ವೇದಪಾಠದಲ್ಲಿ ಗುರುವು ಒಮ್ಮೆ ನುಡಿದುದನ್ನು ಶಿಷ್ಯರು ಎರಡು ಸಲ ನುಡಿಯುತ್ತಾರೆ. ಸಂತೆ ಹೇಳುವುದೆಂದು ಅದಕ್ಕೆ ಹೆಸರು. ಸಾಗರ, ಹೊಸನಗರಗಳ ಕಡೆಯ ವೈದಿಕರ ಮನೆಗಳಲ್ಲಿ ಇದು ಎಲ್ಲರೂ ಬಲ್ಲ ಕ್ರಮ. ಅಲ್ಲಿ ಶಿಷ್ಯನ ಕೆಲಸವು ಹೇಳುವುದು. ಗುರುವಿನ ಕೆಲಸವು ಕೇಳುವುದು. ಸ್ವರವೊಂದು ಜಾರಿದರೆ ಅಲ್ಲಿಯೇ ನಿಲ್ಲಿಸಿ ತಿದ್ದುತ್ತಾನೆ. ಬರಹದ ಆಶ್ರಯವಿಲ್ಲದೆ ತಲೆಮಾರುಗಳ ಉದ್ದಕ್ಕೂ ಮಾತು ಕೆಡದೆ ಉಳಿದುಬಂದುದು ಈ ಎರಡು ಬದಿಯ ಜಾಗರೂಕತೆಯಿಂದ. ಗುರುವು ಕೇಳಿಸಿಕೊಳ್ಳುವುದನ್ನು ಬಿಟ್ಟು ಕಣ್ಣು ಮುಚ್ಚಿ ಕುಳಿತರೆ ಶಿಷ್ಯನ ಎರಡು ಸಲದ ಉಚ್ಚಾರಣೆಯು ತಪ್ಪನ್ನೇ ಎರಡು ಸಲ ಗಟ್ಟಿಮಾಡಿದಂತಾಗುತ್ತದೆ. ಕಥೆ ಕೇಳುವ ಮಗುವು ಹೂಂಗುಟ್ಟುವುದು ಬೇರೆ, ಸಂತೆ ಹೇಳುವುದು ಬೇರೆ. ನಿದ್ದೆ ಬರುತ್ತಿರುವ ಮಗುವೂ ಹೂಂಗುಟ್ಟುತ್ತದೆ. ಟೆನೆರೀಫಿನ 'ಓಕೆ' ಎಂಬುದು ಹೂಂಗುಟ್ಟುವಿಕೆಯ ಜಾತಿಗೆ ಸೇರಿದುದು. ಏನನ್ನು ಒಪ್ಪಿತೆಂಬುದನ್ನು ಅದು ಹೇಳಲಿಲ್ಲ.

ಅಪ್ಪಣೆಯನ್ನು ಪಡೆಯುವವನ ತಪ್ಪನ್ನು ಮಾತ್ರ ಎಣಿಸಿದರೆ ವಿಚಾರವು ಒಂದೇ ಕಾಲಿನ ಮೇಲೆ ನಿಂತಂತಾಗುತ್ತದೆ. 1996ನೆಯ ಇಸವಿ ನವೆಂಬರ್ 12ರಂದು ಹರಿಯಾಣದ ಚರ್ಖಿ ದಾದ್ರಿಯ ಮೇಲೆ ಎರಡು ವಿಮಾನಗಳು ಆಕಾಶದಲ್ಲಿ ಘಟ್ಟಿಸಿ 349 ಮಂದಿ ಸತ್ತರು. ದಿಲ್ಲಿಯಿಂದ ಹೊರಟ ಸೌದಿ ವಿಮಾನಕ್ಕೆ 14,000 ಅಡಿಯವರೆಗೆ ಏರುವ ಅಪ್ಪಣೆಯಿತ್ತು; ದಿಲ್ಲಿಗೆ ಬರುತ್ತಿದ್ದ ಕಜಕಿಸ್ತಾನದ ವಿಮಾನಕ್ಕೆ 15,000 ಅಡಿಯಲ್ಲಿ ನಿಲ್ಲುವ ಅಪ್ಪಣೆಯಿತ್ತು. ಬರುತ್ತಿದ್ದುದು ತನ್ನ ಮೇರೆಯನ್ನು ದಾಟಿ ಕೆಳಗಿಳಿಯಿತು. ಅದರಲ್ಲಿ ಗೋಪುರದೊಡನೆ ಮಾತನಾಡುತ್ತಿದ್ದವನು ರೇಡಿಯೋದವನು. ವಿಮಾನವನ್ನು ನಡೆಸುತ್ತಿದ್ದವರು ಬೇರೆಯವರು. ಕೇಳಿದ ಕಿವಿಯೊಂದು, ನಡೆಸಿದ ಕೈಯೊಂದಾಯಿತು. ಹೊರಟ ವಿಮಾನದ ಚಾಲಕರು ತಮ್ಮ ಅಪ್ಪಣೆಯನ್ನು ಅಕ್ಷರಶಃ ಪಾಲಿಸಿ, 14,000 ಅಡಿಯಲ್ಲಿಯೇ ಇದ್ದು ಸತ್ತರು. ನಿಯಮವನ್ನು ಪಾಲಿಸಿದವನು ಪಾಲಿಸಿದುದರಿಂದಲೇ ಸುರಕ್ಷಿತನಲ್ಲ. ಅವನ ಜೀವವು ಪಾಲಿಸಬೇಕಾದ ಇನ್ನೊಬ್ಬನ ಕೈಯಲ್ಲಿರುತ್ತದೆ. ಇದು ಸಮಾಜಜೀವನದ ಕಠೋರವಾದ ಸತ್ಯ.

ಬೆಂಗಳೂರಿನಲ್ಲಿ 2022ನೆಯ ಇಸವಿ ಜನವರಿ ತಿಂಗಳ ಒಂದು ಬೆಳಿಗ್ಗೆ ನಡೆದುದು ಇದರ ಇನ್ನೊಂದು ಮುಖ. ಅಲ್ಲಿಯ ಎರಡು ಸಮಾನಾಂತರ ರನ್‌ವೇಗಳಿಂದ ಕೋಲ್ಕತ್ತೆಗೂ ಭುವನೇಶ್ವರಕ್ಕೂ ಹೋಗುವ ಎರಡು ವಿಮಾನಗಳು ಹೆಚ್ಚು ಕಡಿಮೆ ಒಂದೇ ಸಮಯದಲ್ಲಿ ಏರಿ ಒಂದನ್ನೊಂದು ಸಮೀಪಿಸಿದವು. ಹಾಗೆ ಒಟ್ಟಿಗೆ ಹೊರಡುವುದಕ್ಕೆ ಅಲ್ಲಿ ಅನುಮತಿಯಿರಲಿಲ್ಲ. ಆದರೆ ಚಾಲಕರಿಬ್ಬರಿಗೂ ಅಪ್ಪಣೆಯಿತ್ತು, ಇಬ್ಬರೂ ಪಾಲಿಸಿದರು. ಒಂದೇ ರನ್‌ವೇಯನ್ನು ಬಳಸಬೇಕೆಂದು ಮೇಲಿನವರು ಮಾಡಿದ ನಿರ್ಧಾರವು ಇನ್ನೊಂದು ರನ್‌ವೇಯ ಅಧಿಕಾರಿಗೆ ತಲುಪಿರಲಿಲ್ಲ. ರೇಡಾರನ್ನು ನೋಡುತ್ತಿದ್ದ ಅಧಿಕಾರಿಯೊಬ್ಬನು ಕಂಡು, ಎರಡನ್ನೂ ಬೇರೆ ಬೇರೆ ದಿಕ್ಕಿಗೆ ತಿರುಗಿಸಿದುದರಿಂದ ನಾನೂರಕ್ಕೂ ಹೆಚ್ಚು ಮಂದಿ ಏನಾಯಿತೆಂದು ತಿಳಿಯದೆಯೇ ಊರು ಸೇರಿದರು. ಆ ಘಟನೆಯು ಮೊದಲಿಗೆ ಯಾವ ದಿನಚರಿಯಲ್ಲಿಯೂ ದಾಖಲಾಗಿರಲಿಲ್ಲವೆಂದು ಅನಂತರ ವರದಿಯಾಯಿತು. ಅಪ್ಪಣೆಯನ್ನು ಕೊಡುವವರೊಳಗೂ ಮರುನುಡಿಯು ಬೇಕೆಂಬುದು ಇದರಿಂದ ವ್ಯಕ್ತವಾಗುತ್ತದೆ.

ದಾಖಲಾಗದ ತಪ್ಪು ಎಂಬುದು ಬೇರೊಂದು ನೈತಿಕ ಪ್ರಶ್ನೆಯನ್ನು ಎಬ್ಬಿಸುತ್ತದೆ. 1974ನೆಯ ಇಸವಿ ಡಿಸೆಂಬರ್ 1ರಂದು ಅಮೆರಿಕದ ವಾಷಿಂಗ್ಟನ್ನಿನ ಸಮೀಪದಲ್ಲಿ ಒಂದು ವಿಮಾನವು ಇಳಿಯುವ ಅಪ್ಪಣೆಯ ಅರ್ಥವನ್ನು ತಪ್ಪಾಗಿ ತಿಳಿದು ಬೆಟ್ಟಕ್ಕೆ ಬಡಿದು, ಅದರಲ್ಲಿದ್ದ 92 ಮಂದಿಯೂ ಸತ್ತರು. ಅದಕ್ಕೆ ಕೆಲವೇ ವಾರಗಳ ಹಿಂದೆ ಇನ್ನೊಂದು ಸಂಸ್ಥೆಯ ಚಾಲಕರು ಅದೇ ಸ್ಥಳದಲ್ಲಿ ಅದೇ ತಪ್ಪು ತಿಳಿವಳಿಕೆಯಿಂದ ಸ್ವಲ್ಪದರಲ್ಲಿ ಪಾರಾಗಿದ್ದರು; ಆದರೆ ಆ ಅನುಭವವು ಅವರ ಸಂಸ್ಥೆಯ ಗೋಡೆಗಳನ್ನು ದಾಟಿ ಇತರರಿಗೆ ತಲುಪಲಿಲ್ಲ. ಈ ದುರಂತದ ಫಲವಾಗಿ 1976ರಲ್ಲಿ ಅಲ್ಲಿ ಒಂದು ಏರ್ಪಾಡು ಹುಟ್ಟಿತು. ಉದ್ದೇಶವಿಲ್ಲದೆ ನಿಯಮವನ್ನು ಮೀರಿದ ಚಾಲಕನು ಹತ್ತು ದಿನಗಳೊಳಗಾಗಿ ತಾನೇ ಬರೆದು ತಿಳಿಸಿದರೆ, ಅಪರಾಧವೂ ಅಪಘಾತವೂ ಅಲ್ಲದ ಪಕ್ಷದಲ್ಲಿ, ಅವನ ಹೆಸರನ್ನು ಗುಟ್ಟಾಗಿಟ್ಟು ದಂಡನೆಯಿಂದ ಬಿಡುಗಡೆ ಕೊಡುತ್ತಾರೆ. ತಪ್ಪು ಮಾಡಿದವನನ್ನು ದಂಡಿಸದೆ ಬಿಟ್ಟರೆ ನ್ಯಾಯವು ಉಳಿಯುವುದೆ ಎಂದು ಕೇಳುವವರುಂಟು. ದಂಡನೆಯ ಭಯವು ಉದ್ಧಟನನ್ನು ತಡೆಯಬಹುದು. ತಪ್ಪಾಗಿ ಕೇಳಿದವನನ್ನು ಅದು ಹೇಗೆ ತಡೆದೀತು? ತಾನು ತಪ್ಪುತ್ತಿರುವೆನೆಂಬುದೇ ಅವನಿಗೆ ತಿಳಿದಿರುವುದಿಲ್ಲ. ಭಯದಿಂದ ಅವನು ಕಲಿಯುವುದು ಒಂದೇ ವಿದ್ಯೆ: ತಪ್ಪನ್ನು ಮುಚ್ಚಿಡುವುದು. ಮುಚ್ಚಿಟ್ಟ ತಪ್ಪು ಮುಂದೆ ಅದೇ ದಾರಿಯಲ್ಲಿ ಬರುವ ಇನ್ನೊಬ್ಬನಿಗಾಗಿ ಕಾದಿರುತ್ತದೆ. ಹಾಲು ಚೆಲ್ಲಿದ ಮಗುವನ್ನು ಹೊಡೆಯುವ ಮನೆಯಲ್ಲಿ ಹಾಲು ಚೆಲ್ಲುವುದು ನಿಲ್ಲುವುದಿಲ್ಲ. ಚೆಲ್ಲಿದುದನ್ನು ಬೆಕ್ಕಿನ ಮೇಲೆ ಹೇಳುವುದು ಆರಂಭವಾಗುತ್ತದೆ.

ಇಷ್ಟಾದ ಮೇಲೂ ಮರುನುಡಿಯನ್ನು ಒಂದು ರಕ್ಷಾಮಂತ್ರವೆಂದು ಭಾವಿಸಬಾರದು. ಟೆನೆರೀಫಿನ ಬಳಿಕ 'ಏರುವುದು' ಎಂಬ ಶಬ್ದವನ್ನು ಏರುವ ಅಪ್ಪಣೆಯನ್ನು ಕೊಡುವಾಗಲೋ ಹಿಂದಕ್ಕೆ ಪಡೆಯುವಾಗಲೋ ಅಲ್ಲದೆ ಬೇರೆಲ್ಲಿಯೂ ಬಳಸಬಾರದೆಂಬ ವಿಧಿ ಬಂದಿತು. ಆದರೂ 2024ನೆಯ ಇಸವಿ ಜನವರಿ 2ರಂದು ಜಪಾನಿನ ಹಾನೆಡಾ ನಿಲ್ದಾಣದಲ್ಲಿ ಇಳಿಯುತ್ತಿದ್ದ ದೊಡ್ಡ ವಿಮಾನವೊಂದು ಕರಾವಳಿ ಕಾವಲಿನವರ ಚಿಕ್ಕ ವಿಮಾನಕ್ಕೆ ಬಡಿಯಿತು. ಚಿಕ್ಕ ವಿಮಾನವು ಹಿಂದಿನ ದಿನದ ಭೂಕಂಪದಲ್ಲಿ ನೊಂದವರಿಗೆ ನೆರವನ್ನು ಒಯ್ಯಲು ಹೊರಟಿತ್ತು. ಗೋಪುರದವರು ಹೊರಡುವ ಸರದಿಯಲ್ಲಿ ಅದು ಮೊದಲನೆಯದೆಂದು ತಿಳಿಸಿ, ರನ್‌ವೇಯ ಹೊರಗೆ ನಿಲ್ಲುವ ಸ್ಥಳಕ್ಕೆ ಬರಹೇಳಿದರು. ಮರುನುಡಿಯು ಸರಿಯಾಗಿಯೇ ಬಂದಿತು. ಆದರೆ ಮುಖ್ಯ ಚಾಲಕನು ರನ್‌ವೇಯನ್ನು ಪ್ರವೇಶಿಸುವ ಅಪ್ಪಣೆಯೇ ಆಯಿತೆಂದು ತಿಳಿದು ಒಳಗೆ ಹೋಗಿ ನಿಂತನು. ಅವನು ಉಳಿದನು, ಅವನೊಡನಿದ್ದ ಐವರು ಸತ್ತರು, ದೊಡ್ಡ ವಿಮಾನದ 379 ಮಂದಿ ಬೆಂಕಿಯಿಂದ ಪಾರಾದರು. ಅನಂತರ ಸರದಿಯ ಸಂಖ್ಯೆಯನ್ನು ಹೇಳುವ ರೂಢಿಯನ್ನು ಅಲ್ಲಿ ಸ್ವಲ್ಪಕಾಲ ನಿಲ್ಲಿಸಿದರು. ನಾಲಗೆಯು ಸರಿಯಾಗಿ ನುಡಿದರೂ ಮನಸ್ಸು ಬೇರೊಂದನ್ನು ಹಿಡಿಯಬಹುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯವು ಬೇಕಾಗಿಲ್ಲ. ಅರ್ಥವನ್ನು ತಿಳಿಯದೆ ಮಂತ್ರವನ್ನು ಒಪ್ಪಿಸುವ ವಟುವಿನಂತೆ, ಅಪ್ಪಣೆಯನ್ನು ತುಟಿಯಿಂದ ಮಾತ್ರ ಒಪ್ಪಿಸುವವನೂ ಉಂಟು. ಅಲ್ಲಿಯ ಅವಸರವು ಲಾಭದ ಅವಸರವಾಗಿರಲಿಲ್ಲ, ಪರೋಪಕಾರದ ಅವಸರವಾಗಿತ್ತು. ಒಳ್ಳೆಯ ಕೆಲಸಕ್ಕೆ ಹೊರಟವನಿಗೆ ದಾರಿಯೆಲ್ಲ ತನಗಾಗಿ ತೆರೆದಂತೆ ತೋರುವುದು ಸಹಜ. ಆದುದರಿಂದ ಅವನು ಇನ್ನೂ ಹೆಚ್ಚು ಎಚ್ಚರವಾಗಿರಬೇಕು.

ಮನುಷ್ಯನನ್ನು ನಂಬದೆ ಪ್ರತಿಯೊಂದು ಮಾತನ್ನೂ ಹೀಗೆ ಪರೀಕ್ಷಿಸುತ್ತಿದ್ದರೆ ಪರಸ್ಪರ ವಿಶ್ವಾಸವು ಉಳಿಯುವುದೆ ಎಂಬುದು ಕೊನೆಯ ಆಕ್ಷೇಪ. ತೋಟಗಾರರ ಸೀಮೆಯಲ್ಲಿ ಇದಕ್ಕೆ ಉತ್ತರವನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಅಡಿಕೆಮರದ ತುದಿಯಲ್ಲಿರುವ ಕೊನೆಗಾರನು ಕೊಯ್ದ ಕೊನೆಯನ್ನು ಹಗ್ಗದ ಮೇಲೆ ಜಾರಿಬಿಡುವುದಕ್ಕೆ ಮುಂಚೆ ಕೆಳಗಿನವನನ್ನು ಕೂಗುತ್ತಾನೆ. ಕೆಳಗಿನವನು ಓಗೊಟ್ಟ ಮೇಲೆಯೇ ಬಿಡುತ್ತಾನೆ. ಇಬ್ಬರೂ ಇಪ್ಪತ್ತು ವರ್ಷಗಳಿಂದ ಜೊತೆಗಾರರಾಗಿದ್ದರೂ ಈ ಕೂಗನ್ನು ಬಿಡುವುದಿಲ್ಲ. ಕೂಗಿದುದರಿಂದ ನನ್ನನ್ನು ನಂಬಲಿಲ್ಲವೆಂದು ಕೆಳಗಿನವನು ಮುನಿಯುವುದೂ ಇಲ್ಲ. ಆಗುಂಬೆಯ ಘಾಟಿಯಲ್ಲಿಯೂ ಹುಲಿಕಲ್ಲಿನ ಘಾಟಿಯಲ್ಲಿಯೂ ಕಾಣದ ತಿರುವಿಗೆ ಬಂದ ಚಾಲಕನು ಹಾರನ್ನು ಮಾಡಿ ಒಂದು ಕ್ಷಣ ಕಿವಿಗೊಡುತ್ತಾನೆ. ಎದುರು ಬರುವವನು ತನ್ನ ಶತ್ರುವೆಂದು ಹಾಗೆ ಮಾಡುವುದಿಲ್ಲ. ಅವನೂ ತನ್ನಂತೆಯೇ ಮನೆಗೆ ತಲುಪಬೇಕಾದವನೆಂದು ಮಾಡುತ್ತಾನೆ. ಕೇಳಿ ಖಚಿತಪಡಿಸಿಕೊಳ್ಳುವುದು ಅಪನಂಬಿಕೆಯಲ್ಲ. ತನ್ನ ಕಿವಿಯೂ ತಪ್ಪಬಹುದು, ತನ್ನ ಬಯಕೆಯೂ ತನ್ನನ್ನು ವಂಚಿಸಬಹುದು ಎಂದು ಅರಿತ ವಿನಯವೇ ಅದು.

ಆದಕಾರಣ ಮೊದಲಲ್ಲಿ ಎತ್ತಿದ ಪ್ರಶ್ನೆಗೆ ಹೀಗೆ ಉತ್ತರಿಸಬಹುದೆಂದು ತೋರುತ್ತದೆ. ಆಗದ ಅಪ್ಪಣೆಯನ್ನು ಆಯಿತೆಂದು ನಂಬಿ ನಡೆದವನು ಪಾಪಿಯಲ್ಲ. ಆದರೆ ಬರಿಯ ದುರ್ದೈವಿಯೂ ಅಲ್ಲ. ಅವನ ಹೊಣೆಯು ಆ ಕ್ಷಣದಲ್ಲಿಲ್ಲ, ಅದಕ್ಕೆ ಹಿಂದಿನ ಅಭ್ಯಾಸದಲ್ಲಿದೆ. ಆ ಹೊಣೆಯಲ್ಲಿ ಮರುನುಡಿಯನ್ನು ಕೇಳದೆ ಬಿಟ್ಟವನಿಗೂ, ಸಂದೇಹವನ್ನು ನುಂಗಿಕೊಂಡ ಕಿರಿಯನಿಗೂ, ನುಂಗಿಕೊಳ್ಳುವಂತೆ ನಡೆದುಕೊಂಡ ಹಿರಿಯನಿಗೂ ಪಾಲುಂಟು. ಅಪ್ಪಣೆಯೆಂಬುದು ಕೊಟ್ಟವನ ಬಾಯಲ್ಲಿಯೇ ಪೂರ್ಣವಾಗುವುದಿಲ್ಲ, ಪಡೆದವನ ಕಿವಿಯಲ್ಲಿಯೂ ಪೂರ್ಣವಾಗುವುದಿಲ್ಲ. ಇಬ್ಬರೂ ಒಂದನ್ನೇ ತಿಳಿದರೆಂದು ಇಬ್ಬರಿಗೂ ಗೊತ್ತಾದಾಗ ಪೂರ್ಣವಾಗುತ್ತದೆ. ಸೋಗಾನೆಯಲ್ಲಿ ವಿಮಾನವು ಓಡುವುದಕ್ಕೆ ಮುಂಚೆ ತಡೆಯುವ ಆ ಒಂದು ಕ್ಷಣವನ್ನು ನೋಡುವವರು, ಅದು ವ್ಯರ್ಥವಾದ ವಿಳಂಬವಲ್ಲವೆಂದು ತಿಳಿದರೆ ಸಾಕು. ಅಂಥ ತಡೆಯೊಂದನ್ನು ಮನೆಯ ಮಾತುಕತೆಯಲ್ಲಿಯೂ, ಕಾಗದಪತ್ರದ ವ್ಯವಹಾರದಲ್ಲಿಯೂ, ಹೆಣ್ಣುಗಂಡುಗಳ ಮದುವೆಯ ಮಾತಿನಲ್ಲಿಯೂ ಇಟ್ಟುಕೊಂಡವರಿಗೆ, ಆಡದ ಮಾತನ್ನು ಕೇಳಿದೆವೆಂದು ಮುಂದೆ ಜಗಳವಾಡುವ ಪ್ರಸಂಗಗಳು ಕಡಿಮೆಯಾಗುತ್ತವೆ.